ನಾರ್ಮಲ್ ಅಕ್ಕನ ರಕ್ತ

ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ಬಿಳಿ ಕೋಟು ತೊಡುವುದಕ್ಕೂ ಮೊದಲು, ಅವಳು ಎಡಗೈಯ ತೋಳು ಮೇಲಕ್ಕೆ ಮಡಚಿ ಕೈಯನ್ನು ಮೇಜಿನ ಮೇಲೆ ಚಾಚುತ್ತಿದ್ದಳು. ಎದುರಿಗೆ ಯಾರಿದ್ದರೋ ಅವರು ಸೂಜಿ ಚುಚ್ಚಿ, ನೇರಳೆ ಮುಚ್ಚಳದ ಸಣ್ಣ ಟ್ಯೂಬಿಗೆ ಅರ್ಧ ಚಮಚದಷ್ಟು ರಕ್ತ ತೆಗೆದುಕೊಳ್ಳುತ್ತಿದ್ದರು. ಟ್ಯೂಬಿನ ಮೇಲೆ ಅವಳ ಹೆಸರು ಬರೆಯುತ್ತಿರಲಿಲ್ಲ. ‘ನಾರ್ಮಲ್’ ಎಂದು ಬರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಬರೆದೂ ಬರೆದೂ ಕೊನೆಗೆ ಅದೇ ಅವಳ ಹೆಸರಾಗಿಬಿಟ್ಟಿತ್ತು. ಹೊಸದಾಗಿ ಸೇರಿದವರಿಗೂ, ನೆಲ ಒರೆಸುವವಳಿಗೂ, ಕ್ಯಾಂಟೀನಿನವನಿಗೂ ಅವಳು ನಾರ್ಮಲ್ ಅಕ್ಕ.

ಅದು ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ಪ್ರಯೋಗಾಲಯ. ರೋಗದ ವಿರುದ್ಧ ಹೋರಾಡುವ ರಕ್ತಕೋಶಗಳನ್ನು ಎಣಿಸುವುದು ಅಲ್ಲಿನ ಕೆಲಸ. ಬಣ್ಣ ಹಚ್ಚಿದ ಕೋಶಗಳು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ, ಪರದೆಯ ಮೇಲೆ ಚುಕ್ಕಿಗಳ ಮೋಡ ಮೂಡುತ್ತದೆ. ಒಂದು ಮೂಲೆಯ ಮೋಡ ಟಿ ಕೋಶಗಳದು, ಇನ್ನೊಂದು ಮೂಲೆಯದು ಸೋಂಕು ತಡೆಯುವ ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳದು. ಯಂತ್ರವೂ ಸುಳ್ಳು ಹೇಳಬಹುದು, ಬಣ್ಣವೂ ಕೆಟ್ಟಿರಬಹುದು. ಹಾಗಾಗಿ ರೋಗಿಗಳ ಟ್ಯೂಬುಗಳ ಜೊತೆಗೆ ಗಟ್ಟಿಮುಟ್ಟಾದ ಒಬ್ಬರ ರಕ್ತವನ್ನೂ ಓಡಿಸಿ ನೋಡಬೇಕು. ಬೇರೆ ಕಡೆ ಸಿಬ್ಬಂದಿ ಸರದಿಯ ಮೇಲೆ ಕೊಡುತ್ತಾರೆ. ಇಲ್ಲಿ ಒಬ್ಬಳಿಗೆ ನೆಗಡಿ, ಇನ್ನೊಬ್ಬಳು ಬಸುರಿ, ಮತ್ತೊಬ್ಬ ಆರಡಿ ಎತ್ತರದ ಆಸಾಮಿ ಸೂಜಿ ಕಂಡರೆ ಕುಸಿದು ಬೀಳುವವನು. ಅಕ್ಕನಿಗೆ ಮಾತ್ರ ಯಾವ ತಕರಾರೂ ಇರಲಿಲ್ಲ. ಕೆಲಸಕ್ಕೆ ಸೇರಿದಂದಿನಿಂದ ಕಾಯಿಲೆ ರಜೆ ಅಂತ ಒಂದು ದಿನವೂ ಹಾಕಿದವಳಲ್ಲ. ಅದನ್ನು ದಿನಕ್ಕೆ ಒಂದು ಸಲವಾದರೂ ಯಾರ ಕಿವಿಗಾದರೂ ಹಾಕದೆ ಬಿಟ್ಟವಳೂ ಅಲ್ಲ.

ಹೊಸಬರಿಗೆ ಕೆಲಸ ಕಲಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. “ಮೂಳೆಯೊಳಗಿನ ಮಜ್ಜೇಲಿ ಹುಟ್ಟೋ ಎಳೇ ಕೋಶಕ್ಕೆ ತಾನೇನಾಗ್ಬೇಕು ಅಂತ ಗೊತ್ತಿರಲ್ಲ,” ಎನ್ನುತ್ತಿದ್ದಳು. “ಜೀನುಗಳು ಎಲ್ಲಾ ಕೋಶದಲ್ಲೂ ಒಂದೇ. ಯಾವ ಜೀನು ತೆರೀಬೇಕು, ಯಾವುದು ಮುಚ್ಚಬೇಕು ಅಂತ ಹೇಳೋಕೆ ಬೇರೆ ಪ್ರೋಟೀನುಗಳಿವೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಂತ ಪುಸ್ತಕದಲ್ಲಿ ಬರೀತಾರೆ. ನಾನು ಮೇಸ್ತ್ರಿ ಅಂತೀನಿ. ಇಟ್ಟಿಗೆ ಅದೇ, ಸಿಮೆಂಟು ಅದೇ. ಮೇಸ್ತ್ರಿ ಹೇಳಿದ್ರೆ ಅಡುಗೆಮನೆ ಆಗತ್ತೆ, ಮೇಸ್ತ್ರಿ ಹೇಳಿದ್ರೆ ಬಚ್ಚಲಾಗತ್ತೆ. ಮೇಸ್ತ್ರಿ ಕೈಕೊಟ್ರೆ ಇಟ್ಟಿಗೆ ರಾಶಿ ಹಾಗೇ ಬಿದ್ದಿರತ್ತೆ.” ಕೇಳಿದವರು ನಗುತ್ತಿದ್ದರು, ಮರೆಯುತ್ತಿರಲಿಲ್ಲ. ಅವಳಿಗೆ ಇನ್ನಷ್ಟು ಹುರುಪು ಬರುತ್ತಿತ್ತು.

ಇಷ್ಟೆಲ್ಲ ತಿಳಿದವಳು ತನ್ನ ಮೋಡವನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ. ನೋಡಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಅವಳಿಗೆ ಒಬ್ಬಳೇ ತಂಗಿ. ನಾಲ್ಕು ವರ್ಷ ಚಿಕ್ಕವಳು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಆ ತಂಗಿಗೆ ವರ್ಷಕ್ಕೆ ಮೂರು ನಾಲ್ಕು ಸಲ ಜ್ವರ, ಕಫ, ಎದೆನೋವು. ಒಮ್ಮೆ ಸೈನಸ್, ಒಮ್ಮೆ ಕಿವಿ, ಎರಡು ಸಲ ನ್ಯುಮೋನಿಯಾ. ಒಂದು ವಾರ ಮಲಗುತ್ತಿದ್ದಳು, ಎದ್ದು ಎರಡು ತಿಂಗಳು ಚೆನ್ನಾಗಿರುತ್ತಿದ್ದಳು, ಮತ್ತೆ ಮಲಗುತ್ತಿದ್ದಳು. ಯಾವ ಕಾಯಿಲೆಯೂ ಬಹಳ ದಿನ ನಿಲ್ಲುವಂಥದ್ದಲ್ಲವಾದ್ದರಿಂದ ಮನೆಯವರಿಗೆ ಅದು ಕಾಯಿಲೆಯ ಹಾಗೇ ಕಾಣುತ್ತಿರಲಿಲ್ಲ. ಏನಾದರೂ ಭಾರದ ಕೆಲಸ ಬಂತೆಂದರೆ ಇವಳಿಗೆ ಜ್ವರ ಬರುತ್ತದೆ ಎಂದು ಮೊದಲು ಆಡಿದವಳು ಅಕ್ಕನೇ.

ಆರು ವರ್ಷದ ಹಿಂದೆ ತಾಯಿಗೆ ಸೊಂಟದ ಆಪರೇಷನ್ ಆಯಿತು. ರಾತ್ರಿ ನೋಡಿಕೊಳ್ಳುವ ಸರದಿ ಹಂಚಿಕೊಂಡಿದ್ದರು. ಎರಡನೇ ದಿನವೇ ತಂಗಿ ಜ್ವರವೆಂದು ಮನೆಯಲ್ಲಿ ಉಳಿದಳು. ಅಕ್ಕ ಹಗಲು ಪ್ರಯೋಗಾಲಯ, ರಾತ್ರಿ ಆಸ್ಪತ್ರೆಯ ಕಬ್ಬಿಣದ ಕುರ್ಚಿ ಎಂದು ಹನ್ನೊಂದು ದಿನ ಹೆಣಗಿದಳು. ಹನ್ನೆರಡನೆಯ ದಿನ ಹೊಟ್ಟೆ ಉರಿದು, ಇದಕ್ಕೊಂದು ಇತ್ಯರ್ಥ ಆಗಲೇಬೇಕೆಂದು ತಂಗಿಯನ್ನು ಕರೆತಂದು ಅವಳ ರಕ್ತ ತೆಗೆದಳು. ತನ್ನದರ ಪಕ್ಕದಲ್ಲೇ ಓಡಿಸಿದಳು. ತಂಗಿಯ ಬಿ ಕೋಶ ನೂರಕ್ಕೆ ನಾಲ್ಕು. ಅಕ್ಕನದು ಐದು.

ಈಗ ಆ ಮಾತಿಗೆ ಬರೋಣ. ಪುಸ್ತಕದ ಪ್ರಕಾರ ಅದು ಏಳಕ್ಕಿಂತ ಕಡಿಮೆ ಇರಕೂಡದು. ಆದರೆ ಈ ಪ್ರಯೋಗಾಲಯದ ಗೋಡೆಯ ಮೇಲಿನ ಪಟ್ಟಿಯಲ್ಲಿ ಕೆಳಗಿನ ಮಿತಿ ನಾಲ್ಕು ಎಂದಿತ್ತು. ಅದನ್ನು ನಾಲ್ಕಕ್ಕೆ ಇಳಿಸಿದ್ದು ಯಾರು? ಹಳೆಯ ಡಾಕ್ಟರು. ಇಳಿಸುವಂತೆ ಅವರ ತಲೆಗೆ ತುಂಬಿದ್ದು ಯಾರು? ನಮ್ಮ ಅಕ್ಕನೇ. “ಪುಸ್ತಕ ಬರೆದೋರು ಬೇರೆ ಊರಿನೋರು ಡಾಕ್ಟ್ರೇ. ನಮ್ಮ ಯಂತ್ರಕ್ಕೆ ನಮ್ಮ ಲೆಕ್ಕ. ನಂದೇ ನೋಡಿ, ಯಾವಾಗ್ಲೂ ಐದು ಆರು. ನಂಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ,” ಎಂದಿದ್ದಳು. ಹಳೆಯ ಡಾಕ್ಟರು ನಿವೃತ್ತಿಯ ಹೊಸ್ತಿಲಲ್ಲಿದ್ದವರು, ಹೂಂ ಅಂದುಬಿಟ್ಟರು. ಆ ದಿನ ಅವಳ ಮನಸ್ಸಿನ ಮೂಲೆಯಲ್ಲಿ ಏನೋ ಒಂದು ಚುಚ್ಚಿದ್ದುಂಟು. ಒಬ್ಬ ಸಹೋದ್ಯೋಗಿ, “ಅಕ್ಕಾ, ಒಂದ್ಸಲ ಬೇರೆ ಯಾರದ್ದಾದ್ರೂ ರಕ್ತ ಹಾಕಿ ನೋಡೋಣ್ವಾ?” ಎಂದಾಗ ಅವಳು ಅವನೊಂದಿಗೆ ಮೂರು ದಿನ ಮಾತು ಬಿಟ್ಟಿದ್ದಳು. ಒಳಗೆಲ್ಲೋ ತಮ್ಮ ಮೇಲೇ ಅನುಮಾನವಿಲ್ಲದಿದ್ದರೆ ಮನುಷ್ಯರು ಹಾಗೆ ಮಾತು ಬಿಡುವುದಿಲ್ಲ.

ಅಂತೂ ತಂಗಿಯ ರಕ್ತ ಓಡಿಸಿದ ವಾರದ ಭಾನುವಾರ ತಂಗಿಯ ಮನೆಯ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಆಸ್ಪತ್ರೆಯಿಂದ ಬಂದ ತಾಯಿ ದಿಂಬಿಗೆ ಒರಗಿದ್ದಳು, ತಂಗಿಯ ಗಂಡ ಬಾಗಿಲ ಬಳಿ ಸ್ಟೂಲಿನ ಮೇಲೆ, ಏಳು ವರ್ಷದ ಮಗಳು ಅವನ ತೊಡೆಯ ಮೇಲೆ. ಅಕ್ಕ ಎರಡು ಹಾಳೆ ಎತ್ತಿ ಹಿಡಿದು, ಕೋರ್ಟಿನಲ್ಲಿ ತೀರ್ಪು ಓದುವವರ ಹಾಗೆ ಗಟ್ಟಿಯಾಗಿ ಓದಿದಳು.

“ಇದು ನಂದು, ಇದು ಇವಳ್ದು. ಹೆಚ್ಚುಕಮ್ಮಿ ಒಂದೇ. ನಾನು ಆಸ್ಪತ್ರೇಲಿ ನಾರ್ಮಲ್ ಅಂತ ಎಲ್ರಿಗೂ ಗೊತ್ತು. ಅಂದ್ಮೇಲೆ ಇವಳೂ ನಾರ್ಮಲ್. ಇದು ಕಾಯಿಲೆ ಅಲ್ಲ ಕಣೇ, ಮೈಗಳ್ಳತನ. ಒಂದೇ ಹೊಟ್ಟೇಲಿ ಹುಟ್ಟಿದೀವಿ, ನಾನು ದುಡೀತಿಲ್ವಾ?”

ತಂಗಿಯ ಗಂಡ ನಕ್ಕು, “ಹಾಗಾದ್ರೆ ನಮ್ಮನೇಲಿರೋದು ನೆಪದ ರಾಣಿ ಅನ್ನಿ,” ಎಂದ. ತಾಯಿಯೂ ನಕ್ಕಳು. ಮಗು ಚಪ್ಪಾಳೆ ತಟ್ಟಿತು. ತಂಗಿ ಮಾತ್ರ ಆ ಹಾಳೆಯನ್ನು ಅಕ್ಕನ ಕೈಯಿಂದ ಇಸಿದುಕೊಂಡು, ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿ, ಕೆಳಗಿದ್ದ ಅಕ್ಕನ ಸಹಿಯನ್ನು ನೋಡಿ, ಮಡಚಿಕೊಂಡು ಒಳಗೆ ಹೋದಳು. ಅಂದಿನಿಂದ ಅವಳಿಗೆ ಜ್ವರವೆಂಬ ಸುದ್ದಿಯೇ ಬರಲಿಲ್ಲ. ಅಕ್ಕ ಕಂಡಕಂಡವರ ಬಳಿ, “ನೋಡಿ, ಒಂದು ಹಾಳೇಲಿ ವಾಸಿ ಮಾಡ್ಬಿಟ್ಟೆ,” ಎಂದು ಬೀಗಿದ್ದೇ ಬೀಗಿದ್ದು.

ಈ ವರ್ಷ ಪ್ರಯೋಗಾಲಯಕ್ಕೆ ಹೊಸ ಯಂತ್ರ ಬಂತು. ಜೊತೆಗೆ ಹೊಸ ಡಾಕ್ಟರೂ ಬಂದಳು. ಮೂವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ಗೋಡೆಯ ಪಟ್ಟಿಯನ್ನು ಎರಡು ನಿಮಿಷ ನೋಡಿ, “ಈ ಮಿತೀನ ಯಾರ ರಕ್ತದಿಂದ ತೆಗೆದಿದ್ದು?” ಎಂದು ಕೇಳಿದಳು. ಯಾರೋ ಹೆಮ್ಮೆಯಿಂದ, “ನಮ್ಮ ನಾರ್ಮಲ್ ಅಕ್ಕನಿಂದ,” ಎಂದರು. ಡಾಕ್ಟರು ನಗಲಿಲ್ಲ. “ಒಬ್ಬರಿಂದ ಮಿತಿ ತೆಗೆಯೋಕಾಗಲ್ಲ. ಸಿಬ್ಬಂದೀಲಿ ಇಪ್ಪತ್ತು ಜನರ ರಕ್ತ ಬೇಕು. ಹೆಸರು ಬೇಡ, ನಂಬರ್ ಸಾಕು,” ಎಂದಳು. ನಂಬರು ಹಾಕಿ ಪಟ್ಟಿ ಇಟ್ಟುಕೊಳ್ಳುವ ಕೆಲಸವನ್ನು ಅತ್ಯಂತ ನಂಬಿಕಸ್ಥರಿಗೆ ಕೊಡಬೇಕಲ್ಲ, ಅಕ್ಕನಿಗೇ ಕೊಟ್ಟರು. ಅವಳು ತನ್ನ ಟ್ಯೂಬಿಗೆ ಹನ್ನೊಂದು ಎಂದು ಬರೆದಳು.

ಮಧ್ಯಾಹ್ನ ಎಲ್ಲರೂ ಪರದೆಯ ಮುಂದೆ ನಿಂತಿದ್ದರು. ಒಂದು, ಎರಡು, ಮೂರು, ಮೋಡಗಳು ದಟ್ಟವಾಗಿ ಮೂಡುತ್ತ ಹೋದವು. ಹನ್ನೆರಡು, ಒಂಬತ್ತು, ಹದಿನಾಲ್ಕು ಎಂದು ಡಾಕ್ಟರು ಬರೆದುಕೊಳ್ಳುತ್ತಿದ್ದಳು. ಸೂಜಿ ಕಂಡರೆ ಬೀಳುವ ಆರಡಿಯವನದು ಕೂಡ ಹತ್ತು. ಹನ್ನೊಂದನೆಯದು ಬಂತು. ಬಿ ಕೋಶದ ಮೂಲೆಯಲ್ಲಿ ಗೋಡೆಗೆ ಸಿಡಿದ ಸುಣ್ಣದ ಹನಿಗಳಂತೆ ಅಲ್ಲೊಂದು ಇಲ್ಲೊಂದು ಚುಕ್ಕಿ.

“ಮೂರು,” ಎಂದಳು ಡಾಕ್ಟರು. “ಇವರು ನಾರ್ಮಲ್ ಅಲ್ಲ. ಯಾರಿದು?”

ಸುತ್ತ ನಿಂತವರೆಲ್ಲ ಪರಸ್ಪರ ಮುಖ ನೋಡಿಕೊಂಡು, ಪಾಪ ಯಾರೋ ಎಂದು ಲೊಚಗುಟ್ಟಿದರು. ಅಕ್ಕನ ಕಡೆಗೆ ಯಾರೊಬ್ಬರೂ ನೋಡಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ.

“ಅದು... ಆ ಟ್ಯೂಬು ಹೆಪ್ಪುಗಟ್ಟಿತ್ತು ಡಾಕ್ಟ್ರೇ,” ಎಂದು ಅವಳ ಬಾಯಿ ತಾನೇ ಹೇಳಿತು. “ನಂದೇ ತಪ್ಪು, ಸರಿಯಾಗಿ ಅಲ್ಲಾಡಿಸಿರಲಿಲ್ಲ. ಬಿಟ್ಟುಬಿಡಿ.”

ಡಾಕ್ಟರು ಒಂದು ಕ್ಷಣ ಅವಳ ಮುಖ ನೋಡಿ, ಹನ್ನೊಂದರ ಮೇಲೆ ಗೀಟು ಎಳೆದಳು. ಹತ್ತೊಂಬತ್ತು ವರ್ಷದ ನಾರ್ಮಲ್ ಒಂದು ಗೀಟಿನಲ್ಲಿ ಮುಗಿಯಿತು, ಅದೂ ಅಕ್ಕನದೇ ಮಾತಿನಿಂದ. ಹೆಪ್ಪುಗಟ್ಟಿದ ರಕ್ತ ಯಂತ್ರದ ಕೊಳವೆಗೇ ಹೋಗುವುದಿಲ್ಲವೆಂದು ಅಲ್ಲಿ ನಿಂತಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ನಾರ್ಮಲ್ ಅಕ್ಕ ಸುಳ್ಳು ಹೇಳಿಯಾಳೆಂದು ಅವರಿಗೆ ಹೊಳೆಯಲಿಲ್ಲ, ಅಷ್ಟೇ.

ಎಲ್ಲರೂ ಊಟಕ್ಕೆ ಹೋದಾಗ ಅವಳು ಒಂದು ಕೈಯಿಂದ ತನಗೆ ತಾನೇ ಸೂಜಿ ಚುಚ್ಚಿಕೊಂಡು ಮತ್ತೆ ಓಡಿಸಿದಳು. ಮೂರು. ಹಳೆಯ ಕಡತಗಳ ಕಪಾಟು ತೆಗೆದಳು. ಹತ್ತೊಂಬತ್ತು ವರ್ಷದ ಹಿಂದೆ ಆರು, ಆಮೇಲೆ ಐದು, ಆಮೇಲೆ ನಾಲ್ಕು. ಎಣ್ಣೆ ಮುಗಿಯುತ್ತಿರುವ ದೀಪದ ಹಾಗೆ ಇಳಿಯುತ್ತ ಬಂದಿತ್ತು. ಪ್ರತಿಯೊಂದು ಹಾಳೆಯ ಮೇಲೂ ಅವಳದೇ ಅಕ್ಷರ, ‘ಸರಿಯಿದೆ’. ಆ ಕಡತದಲ್ಲಿ ತಂಗಿಯ ಹಾಳೆಯ ಪ್ರತಿಯೂ ಸಿಕ್ಕಿತು. ಅಲ್ಲಿಯೂ ‘ಸರಿಯಿದೆ’. ಅವಳು ಅದನ್ನು ಹಿಡಿದುಕೊಂಡು ಕಪಾಟಿನ ಬಾಗಿಲ ಮರೆಯಲ್ಲಿ ನಿಂತುಬಿಟ್ಟಳು.

ಆಗಲೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂಥ ದಾರಿಯೊಂದನ್ನು ಹುಡುಕಿದಳು. ಮೂರನೆಯ ದಿನ ತಂಗಿಗೆ ಫೋನು ಮಾಡಿ, ಎಲ್ಲಿಲ್ಲದ ಅಕ್ಕರೆಯ ದನಿಯಲ್ಲಿ ಹೇಳಿದಳು.

“ಹೊಸ ಮಿಷನ್ ಬಂದಿದೆ ಕಣೇ. ಸುಮ್ನೆ ಒಂದ್ಸಲ ಬಂದು ರಕ್ತ ಕೊಟ್ಟು ಹೋಗು. ಮನೇವ್ರದ್ದೆಲ್ಲ ನೋಡ್ತಿದೀವಿ.”

“ಬೇಡಕ್ಕಾ,” ಎಂದಳು ತಂಗಿ.

“ಯಾಕೆ?”

“ನಂಗೇನೂ ಇಲ್ಲ. ನೀನೇ ಹೇಳಿದ್ಯಲ್ಲ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅಕ್ಕ ಜಗಳವಾಡಿ ಗೆದ್ದುಬಿಡುತ್ತಿದ್ದಳು. ತಂಗಿ ನಿಜವಾಗಿಯೂ ಹಾಗೆ ನಂಬಿಕೊಂಡು ಹೇಳಿದ್ದಳು. ಫೋನಿನಲ್ಲಿ ಹಿಂದೆ ನಲ್ಲಿಯ ನೀರು ಜೋರಾಗಿ ಸುರಿಯುವ ಸದ್ದು ಕೇಳುತ್ತಿತ್ತು. “ಇರು, ನಲ್ಲಿ ಬಿಟ್ಟಿದೀನಿ,” ಎಂದು ತಂಗಿ ಅವಸರದಿಂದ ಫೋನು ಇಟ್ಟಳು.

ಒಂಬತ್ತನೆಯ ದಿನ ಅಕ್ಕ ಡಾಕ್ಟರ ಕೋಣೆಯ ಬಾಗಿಲು ತಟ್ಟಿದಳು. ಒಳಗೆ ಹೋಗಿ, ಕೂತುಕೊಳ್ಳಿ ಎಂದರೂ ಕೂರದೆ, ನಂಬರಿನ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

“ಹನ್ನೊಂದು ನಾನು,” ಎಂದಳು. “ಟ್ಯೂಬು ಹೆಪ್ಪುಗಟ್ಟಿರಲಿಲ್ಲ.”

ಡಾಕ್ಟರು ಪಟ್ಟಿ ನೋಡಿದಳು. ಆಮೇಲೆ ಅವಳನ್ನು ನೋಡಿದಳು. “ನಂಗೆ ಅವತ್ತೇ ಅನುಮಾನ ಬಂತು. ನೀವಾಗೇ ಬರ್ತೀರಿ ಅಂತ ಕಾದೆ. ಒಂಬತ್ತು ದಿನ ಬೇಕಾಯ್ತಾ ಅಕ್ಕಾ?”

ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ತಲೆ ತಗ್ಗಿಸಿ, ಪಟ್ಟಿಯಲ್ಲಿ ನಾಲ್ಕು ಎಂಬ ಮಿತಿ ಹೇಗೆ ಬಂತೆಂಬುದನ್ನೂ ಹೇಳಿದಳು. ಅದನ್ನು ಹೇಳುವಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಮಿತಿಯ ಕಾರಣದಿಂದ ‘ಸರಿಯಿದೆ’ ಎಂದು ಮನೆಗೆ ಕಳಿಸಿದವರನ್ನೆಲ್ಲ ಹುಡುಕಬೇಕೆಂದು ಡಾಕ್ಟರು ಅಲ್ಲೇ ತೀರ್ಮಾನಿಸಿದಳು. ಒಟ್ಟು ನಲವತ್ತೊಂದು ಜನ. ಅವರಿಗೆಲ್ಲ ಪತ್ರ ಬರೆಯುವ ಕೆಲಸವನ್ನು ಅಕ್ಕ ಕೇಳಿ ತೆಗೆದುಕೊಂಡಳು. ಪತ್ರದ ಮೇಲೆ ವಿಳಾಸ ಬರೆಯುವಾಗ ಒಂದೊಂದು ಹೆಸರಿನ ಹತ್ತಿರವೂ ಅವಳ ಪೆನ್ನು ನಿಲ್ಲುತ್ತಿತ್ತು.

“ನಿಮ್ಮ ಜೀನ್ ಪರೀಕ್ಷೆಗೆ ಕಳಿಸೋಣ,” ಎಂದಳು ಡಾಕ್ಟರು. ಕೊನೆಗೆ ಬಾಗಿಲವರೆಗೆ ಬಂದು ಕೇಳಿದಳು, “ಮನೇಲಿ ಯಾರಿಗಾದ್ರೂ ಪದೇಪದೇ ಹುಷಾರು ತಪ್ಪತ್ತಾ?”

“ತಂಗಿಗೆ,” ಎಂದಳು ಅಕ್ಕ. ಆ ಮೂರಕ್ಷರ ಹೊರಬರಲು ಆರು ವರ್ಷ ಹಿಡಿದಿತ್ತು.

“ಹಾಗಾದ್ರೆ ಅವ್ರನ್ನ ನಾಳೆನೇ ಕರ್ಕೊಂಡ್ಬನ್ನಿ.”

ನಾಳೆ ಕರೆತಂದಳೇ? ಇಲ್ಲ. ಫಲಿತಾಂಶ ಬರಲಿ, ಗಟ್ಟಿಯಾಗಿ ತಿಳಿಯಲಿ, ಸುಮ್ಮನೆ ಅವಳಿಗೆ ಗಾಬರಿ ಯಾಕೆ ಎಂದು ಮೀನಮೇಷ ಎಣಿಸುತ್ತ ಮೂರು ವಾರ ಕಳೆದಳು. ಗಾಬರಿ ಯಾರಿಗೆಂದು ನಿಮಗೂ ಗೊತ್ತು, ಅವಳಿಗೂ ಗೊತ್ತಿತ್ತು.

ಮೂರು ವಾರದ ಮೇಲೆ ಕಾಗದ ಬಂತು. ಎಳೆಯ ಕೋಶವನ್ನು ಬಿ ಕೋಶದ ದಾರಿಗೆ ಹಚ್ಚುವ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರಿನ ಜೀನು, ತಾಯಿಯಿಂದ ಒಂದು ತಂದೆಯಿಂದ ಒಂದು ಎಂದು ಎರಡು ಪ್ರತಿ ಇರಬೇಕಾದದ್ದು, ಅವಳಲ್ಲಿ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿತ್ತು. ಅರ್ಧಕ್ಕರ್ಧ ಮೇಸ್ತ್ರಿಗಳೇ ಕೆಲಸಕ್ಕೆ ಬಂದಿರಲಿಲ್ಲ. ಇದ್ದವರೇ ಅವಳೊಳಗೆ ಹೇಗೋ ಸಂಭಾಳಿಸಿದ್ದರು. ಇದೇ ದೋಷ ಇರುವ ಒಡಹುಟ್ಟಿದವರಲ್ಲಿ ಒಬ್ಬರು ಗಟ್ಟಿಯಾಗಿದ್ದು ಇನ್ನೊಬ್ಬರು ಹಾಸಿಗೆ ಹಿಡಿಯುವುದುಂಟು, ಯಾಕೆಂದು ತನಗೂ ಗೊತ್ತಿಲ್ಲ ಎಂದಳು ಡಾಕ್ಟರು. ಬಿ ಕೋಶಗಳಿಲ್ಲದೆ ಪ್ರತಿಕಾಯಗಳಿಲ್ಲ, ಪ್ರತಿಕಾಯಗಳಿಲ್ಲದೆ ಎದೆಯ ಸೋಂಕು ಬಿಡುವುದಿಲ್ಲ. ತಿಂಗಳಿಗೊಮ್ಮೆ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಟ್ಟರೆ ಆರಾಮಾಗಿರಬಹುದು. “ತಡ ಆದಷ್ಟೂ ಶ್ವಾಸಕೋಶ ಹಾಳಾಗತ್ತೆ,” ಎಂದಳು. “ಒಂದ್ಸಲ ಹಾಳಾಗಿದ್ದು ಮತ್ತೆ ಸರಿಹೋಗಲ್ಲ.”

ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕ ತಂಗಿಯ ಮನೆಯ ಕಿರಿದಾದ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ತಾಯಿ ಕಿಟಕಿಯ ಬಳಿ ಕುರ್ಚಿಯಲ್ಲಿ, ಕಬ್ಬಿಣದ ವಾಕರ್ ಪಕ್ಕದಲ್ಲಿ. ತಂಗಿಯ ಗಂಡ ಫ್ಯಾನು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ. ಈಗ ಹದಿಮೂರರ ಮಗಳು ಪುಸ್ತಕ ಮುಂದಿಟ್ಟುಕೊಂಡು ಕೆಮ್ಮುತ್ತಿದ್ದಳು.

“ನೆಪದ ರಾಣಿ ಎಲ್ಲಿ?” ಎಂದು ಕೇಳುವುದು ಅಕ್ಕನ ರೂಢಿ. ಇವತ್ತು ಹಾಗೆನ್ನಲಿಲ್ಲ. “ಇವಳೆಲ್ಲಿ?” ಎಂದಳು.

“ಬಚ್ಚಲಲ್ಲಿ,” ಎಂದಳು ತಾಯಿ. “ದಿನಾ ಅರ್ಧರ್ಧ ಗಂಟೆ ನಲ್ಲಿ ಬಿಟ್ಕೊಂಡು ನಿಂತಿರ್ತಾಳೆ. ನೀರೆಲ್ಲ ದಂಡ.”

ಅಕ್ಕ ಬಚ್ಚಲಿನ ಬಾಗಿಲ ಹತ್ತಿರ ಹೋದಳು. ಒಳಗೆ ನಲ್ಲಿ ಭೋರೆಂದು ಸುರಿಯುತ್ತಿತ್ತು. ಕಿವಿಗೊಟ್ಟರೆ ನೀರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು, ಕರುಳು ಕಿತ್ತುಬರುವ ಹಾಗೆ ಕೆಮ್ಮುವ ಸದ್ದು. ಅಕ್ಕ ಬಾಗಿಲು ತಟ್ಟಲು ಎತ್ತಿದ ಕೈಯನ್ನು ಇಳಿಸಿದಳು. ಫೋನಿನಲ್ಲಿ ಕೇಳಿದ ನಲ್ಲಿಯೂ ಇದೇ ಎಂದು ಹೊಳೆಯಿತು.

ತಂಗಿ ಮುಖ ಒರೆಸಿಕೊಳ್ಳುತ್ತ ಹೊರಬಂದಳು. ಕಣ್ಣು ಕೆಂಪಗಿತ್ತು. “ಯಾವಾಗ ಬಂದೆ ಅಕ್ಕಾ? ಬಾ, ಚಹಾ ಮಾಡ್ತೀನಿ,” ಎಂದು ಅಡುಗೆಮನೆಗೆ ನಡೆದಳು. ಅಕ್ಕ ಹಿಂದೆಯೇ ಹೋದಳು. ತಂಗಿ ಕಪ್ಪುಗಳಿಗಾಗಿ ಕಪಾಟು ತೆರೆದಳು. ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿತ್ತು. ನಾಲ್ಕೂ ಮೂಲೆಗೆ ಟೇಪು, ಎಣ್ಣೆಯ ಜಿಡ್ಡಿಗೆ ಹಳದಿಯಾಗಿತ್ತು. ಅಡಿಯಲ್ಲಿ ಅಕ್ಕನ ಸಹಿ.

“ಇದನ್ನ ಯಾಕೆ ಇಟ್ಕೊಂಡಿದೀಯ?”

ತಂಗಿ ಸಂಕೋಚದಿಂದ ನಕ್ಕಳು. “ಮೈ ಬಿಸಿ ಆದಾಗ ನೋಡ್ತೀನಿ. ಎಲ್ಲಾ ಸರಿಯಿದೆ ಅಂತ ಬರ್ದಿದ್ಯಲ್ಲ. ನೋಡಿದ್ರೆ ಎದ್ದು ಕೆಲಸ ಮಾಡೋಕೆ ಧೈರ್ಯ ಬರತ್ತೆ. ನನ್ನ ಮನಸ್ಸೇ ಸರಿಯಿಲ್ಲ ಅಕ್ಕಾ, ಇಲ್ಲದ ಜ್ವರ ಬರ್ಸ್ಕೊಳತ್ತೆ. ಇವಳಿಗೂ ಅದೇ ಚಾಳಿ ಶುರುವಾಗಿದೆ, ಸ್ಕೂಲಿಗೆ ಹೋಗಲ್ಲ, ಎದೆ ನೋವು ಅಂತಾಳೆ. ಮೊನ್ನೆ ಕರ್ಕೊಂಡ್ಬಂದು ಇದನ್ನೇ ತೋರ್ಸ್ದೆ. ನೋಡು, ನಮ್ಮ ರಕ್ತದಲ್ಲಿ ಏನೂ ದೋಷ ಇಲ್ಲ, ದೊಡ್ಡಮ್ಮನೇ ಸಹಿ ಹಾಕಿದಾಳೆ ಅಂತ.”

ದಾರಿಯುದ್ದಕ್ಕೂ ಅಕ್ಕ ಹೇಗೆ ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

“ಅದು ಸುಳ್ಳು ಕಣೇ,” ಎಂದಳು.

“ಯಾವ್ದು?”

“ಆ ಹಾಳೆ. ನಾನು ನಾರ್ಮಲ್ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ನಂದು ಕೆಟ್ಟಿತ್ತು, ನಿಂದೂ ಕೆಟ್ಟಿತ್ತು. ನಾನು ಎರಡು ಕೆಟ್ಟಿದ್ದನ್ನ ಪಕ್ಕಪಕ್ಕ ಇಟ್ಟು, ಒಂದೇ ಥರ ಇದೆ ನೋಡಿ ಅಂದೆ.” ಉಸಿರು ಎಳೆದುಕೊಂಡಳು. “ಪುಸ್ತಕದಲ್ಲಿ ಏಳು ಅಂತಿತ್ತು. ನಾಲ್ಕು ಮಾಡ್ಸಿದ್ದು ನಾನೇ, ನಂಗೆ ಏನೂ ಇಲ್ಲ ಅಂತ ತೋರ್ಸ್ಕೊಳೋಕೆ. ನಿನ್ನ ಜ್ವರ ನಿಜವಾದ ಜ್ವರ. ಪ್ರತಿಯೊಂದೂ.”

ಒಲೆಯ ಮೇಲೆ ನೀರು ಕುದಿಯತೊಡಗಿತು. ತಂಗಿ ಒಲೆ ಆರಿಸಿದಳು. ಬೈಯಲಿಲ್ಲ, ಅಳಲಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ವಿಳಾಸ ಖಚಿತಪಡಿಸಿಕೊಳ್ಳುವವಳ ಹಾಗೆ ಒಂದೊಂದೇ ಕೇಳಿದಳು.

“ಅಮ್ಮನ ಆಪರೇಷನ್ ಆದಾಗ ನಂಗೆ ನಿಜವಾಗ್ಲೂ ಹುಷಾರಿರ್ಲಿಲ್ವಾ?”

“ಇರ್ಲಿಲ್ಲ.”

“ಹೋದ ವರ್ಷ ಕೌಂಟರಲ್ಲಿ ತಲೆ ಸುತ್ತಿ ಬಿದ್ದೆ. ಯಾರಿಗೂ ಹೇಳ್ಲಿಲ್ಲ. ಅದೂ?”

“ಅದೂ.”

“ಅವಳ್ದು?” ಎಂದಳು, ಹಾಲ್‌ನಲ್ಲಿ ಕೂತ ಮಗಳ ಕಡೆ ತಿರುಗಿ.

“ಗೊತ್ತಿಲ್ಲ. ನೋಡ್ಬೇಕು. ನಾಳೆನೇ ನೋಡ್ಬೇಕು. ಔಷಧಿ ಇದೆ ಕಣೇ, ಚೆನ್ನಾಗ್ ಆಗ್ತೀಯ...” ಅಕ್ಕ ಹತ್ತಿರ ಬಂದಳು. “ನನ್ನ ಕ್ಷಮಿಸ್ತೀಯಾ?”

ತಂಗಿ ಕಪಾಟಿನ ಕಡೆ ತಿರುಗಿದಳು. ಉಗುರಿನಿಂದ ಟೇಪಿನ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಎಬ್ಬಿಸಿ, ಹರಿಯದ ಹಾಗೆ ಹಾಳೆಯನ್ನು ಬಿಡಿಸಿದಳು. ಅದನ್ನು ಅಕ್ಕನ ಕೈಗೆ ಕೊಟ್ಟಳು.

“ಅವತ್ತು ಹಾಲಲ್ಲಿ ನಿಂತ್ಕೊಂಡು ಗಟ್ಟಿಯಾಗಿ ಓದಿದ್ಯಲ್ಲ,” ಎಂದಳು. “ಹಾಗೇ ಓದು. ಎಲ್ರೂ ಇದಾರೆ.”

ಅಕ್ಕ ಹಾಲಿಗೆ ಬಂದಳು. ಅದೇ ಜಾಗ. ತಂಗಿಯ ಗಂಡ ಸ್ಕ್ರೂಡ್ರೈವರ್ ಹಿಡಿದುಕೊಂಡೇ ತಲೆಯೆತ್ತಿದ. ಅವಳು ಮೊದಲಿನಿಂದ ಓದಿದಳು. ಬಿ ಕೋಶ ನಾಲ್ಕು ಎಂದು ಓದಿ, ಇದು ಕಡಿಮೆ ಎಂದಳು. ನನ್ನದೂ ಕಡಿಮೆ ಎಂದಳು. ಕೆಳಗೆ ಸರಿಯಿದೆ ಎಂದು ಬರೆದದ್ದು ತಪ್ಪು, ಬರೆದವಳು ನಾನು ಎಂದಳು. ಇವಳು ನೆಪ ಹೇಳುತ್ತಿರಲಿಲ್ಲ, ನಾನು ಹೇಳುತ್ತಿದ್ದೆ ಎಂದಳು. ಕೊನೆಗೆ ಬರುವ ಹೊತ್ತಿಗೆ ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ. “ಗಟ್ಟಿಯಾಗಿ,” ಎಂದಳು ತಂಗಿ ಬಾಗಿಲಿಗೆ ಒರಗಿ. ಅಕ್ಕ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು.

ತಂಗಿಯ ಗಂಡ ಫ್ಯಾನಿನ ರೆಕ್ಕೆಯನ್ನು ಸುಮ್ಮನೆ ತಿರುಗಿಸುತ್ತಿದ್ದ, ಹೆಂಡತಿಯ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ. “ನಿಮ್ಮಪ್ಪನೂ ಹೀಗೇ ಕೆಮ್ಮೋರು,” ಎಂದಳು ತಾಯಿ, ಯಾರಿಗೆಂದಲ್ಲದೆ. “ನಾನೂ ಸುಮ್ನೆ ಗೊಣಗ್ತಿದ್ದೆ.” ಆಮೇಲೆ ಅವಳೂ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡಳು.

ತಂಗಿ ಬಾಗಿಲು ಬಿಟ್ಟು ಸರಿದಳು. ಹಾಲನ್ನು ದಾಟಿ, ಎಲ್ಲರೂ ನೋಡುತ್ತಿದ್ದಂತೆ, ಹಗಲು ಹನ್ನೆರಡರ ಬೆಳಕಿನಲ್ಲಿ ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಮಲಗಿದಳು. ಹೊದಿಕೆ ಎಳೆದುಕೊಂಡಳು. ಬಾಗಿಲು ಮುಚ್ಚಲಿಲ್ಲ.

ಅಕ್ಕ ಅಡುಗೆಮನೆಗೆ ಹೋದಳು. ಸಿಂಕಿನಲ್ಲಿ ಬೆಳಗಿನ ಪಾತ್ರೆಗಳು ಹಾಗೇ ಬಿದ್ದಿದ್ದವು. ತೋಳು ಮಡಚಿಕೊಂಡಾಗ ಎಡಗೈಯ ಮಡಿಕೆಯಲ್ಲಿ ಹತ್ತೊಂಬತ್ತು ವರ್ಷದ ಸೂಜಿಯ ಕಲೆಗಳು ಕಂಡವು. ನಲ್ಲಿ ತಿರುಗಿಸಿದಳು, ನೀರು ಸುರಿಯಿತು. ಅಷ್ಟರಲ್ಲಿ ಕೋಣೆಯಿಂದ ಕೆಮ್ಮು ಕೇಳಿಸಿತು. ಅಡ್ಡ ಬಟ್ಟೆಯಿಲ್ಲದ, ಮನೆಗೆಲ್ಲ ಕೇಳುವಂಥ ಕೆಮ್ಮು. ಅಕ್ಕ ನಲ್ಲಿ ನಿಲ್ಲಿಸಿ, ಅದು ಮುಗಿಯುವವರೆಗೂ ಕೇಳುತ್ತ ನಿಂತಳು.